ಒಬ್ಬರ ಕೈಗೆ ತಿರುಗದ ಕಲ್ಲು

ಬೆಳಗಿನ ಮಂಜು ಇನ್ನೂ ಎರೆಹೊಲದ ಮೇಲೆ ಕೂತೇ ಇದೆ. ಜೋಳದ ದಂಟಿನ ಗೋಡೆಯ ಒಂದು ಗುಡಿಸಲ ಮುಂದೆ ದುರಗವ್ವ ಎರಡೂ ಕಾಲು ಚಾಚಿ, ಬೀಸುಕಲ್ಲಿನ ಮೇಲ್ಗಲ್ಲನ್ನು ತೊಡೆಗಳ ನಡುವೆ ಅಂಗಾತ ಕೆಡವಿಕೊಂಡು ಕೂತಿದ್ದಾಳೆ. ಎಡಗೈಯಲ್ಲಿ ಗೇಣುದ್ದದ ಉಳಿ, ಬಲಗೈಯಲ್ಲಿ ಸುತ್ತಿಗೆ. ಟಕ್, ಟಕ್, ಟಕ್. ಕಲ್ಲಿನ ಪುಡಿ ಎದ್ದು ಅವಳ ಹುಬ್ಬಿನ ಮೇಲೆ ಕೂರುತ್ತದೆ. ಒರೆಸಿಕೊಳ್ಳುವುದಿಲ್ಲ. ಬೀಸಿ ಬೀಸಿ ನುಣುಪಾದ ಕಲ್ಲಿಗೆ ಮತ್ತೆ ಹಲ್ಲು ಬರಿಸುವುದು ಅವಳ ಕಸುಬು. ಹಲ್ಲಿಲ್ಲದ ಕಲ್ಲು ಜೋಳವನ್ನು ಜಜ್ಜುತ್ತದೆಯೇ ಹೊರತು ಹಿಟ್ಟು ಮಾಡುವುದಿಲ್ಲ. ಹಿಟ್ಟಿಲ್ಲದಿದ್ದರೆ ರೊಟ್ಟಿಯಿಲ್ಲ. ರೊಟ್ಟಿಯಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಬರೆಯಲೆಂದೇ ನಾನು ಇಲ್ಲಿಗೆ ಬಂದಿದ್ದೇನೆ.

ಡಂಬಳದ ಹಾದಿಯಲ್ಲಿರುವ ಈ ಹಳ್ಳಿಯ ಹೆಸರನ್ನು ಅಚ್ಚು ಹಾಕಬೇಡಿ ಎಂದು ಇಲ್ಲಿನ ಹಿರಿಯರು ಕೈಮುಗಿದು ಕೇಳಿಕೊಂಡಿದ್ದಾರೆ. ಊರಿನ ಮಾನ ಹೋಗುತ್ತದಂತೆ. ಒಬ್ಬ ಹೆಣ್ಣುಮಗಳ ಕೈ ಮುರಿದಾಗ ಹೋಗದ ಮಾನ ಅಚ್ಚಾದಾಗ ಹೋಗುತ್ತದೆ! ಇರಲಿ, ಊರಿನ ಹೆಸರು ಬರೆಯುವುದಿಲ್ಲ. ಗಂಡ ಹೆಂಡಿರ ಹೆಸರನ್ನೂ ಬದಲಿಸಿದ್ದೇನೆ, ಅದು ಹಿರಿಯರಿಗಾಗಿ ಅಲ್ಲ, ಆ ಹುಡುಗಿಗಾಗಿ. ದುರಗವ್ವನ ಹೆಸರು ಮಾತ್ರ ಖರೆಯದು. ಬದಲಿಸಲೇ ಎಂದು ಕೇಳಿದ್ದಕ್ಕೆ ಅವಳು, ನಮ್ಮಪ್ಪ ಇಟ್ಟ ಹೆಸರು ಚಲೋನ ಐತಿ, ಇರಲಿ ಬಿಡ್ರಿ ಅಂದಳು.

ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಚಳಿಗಾಲವಿದು. ದೀಪಾವಳಿ ಮುಗಿಯುತ್ತಲೇ ಊರಲ್ಲಿ ಇಲಿ ಬಿದ್ದವು. ಇಲಿ ಬಿದ್ದರೆ ಪ್ಲೇಗು, ಪ್ಲೇಗು ಬಂದರೆ ಊರು ಬಿಡಬೇಕು. ಇದು ನಮ್ಮ ಭಾಗದ ಮಕ್ಕಳಿಗೂ ಗೊತ್ತಿರುವ ಮಾತು. ಮನೆಗೆ ಬೀಗ ಹಾಕಿ, ಕಾಳುಕಡಿ, ದನಕರು, ಬೀಸುಕಲ್ಲು ಎಲ್ಲ ಗಾಡಿಯಲ್ಲಿ ಹೇರಿಕೊಂಡು ಜನ ತಂತಮ್ಮ ಹೊಲದಲ್ಲಿ ಗುಡಿಸಲು ಹಾಕಿದರು. ರೋಗ ಒಬ್ಬರಿಂದೊಬ್ಬರಿಗೆ ಹತ್ತಬಾರದೆಂದು ಗುಡಿಸಲುಗಳನ್ನು ದೂರ ದೂರ ಹಾಕಿಸಿದರು. ಒಂದು ಗುಡಿಸಲಿನಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳುವುದಿಲ್ಲ. ಇಲಿಗಳ ಬಗ್ಗೆ, ಸೂಜಿ ಹಾಕಿಸಿಕೊಳ್ಳುವುದರ ಬಗ್ಗೆ ಆರೋಗ್ಯ ಖಾತೆಯವರು ಹಂಚಿದ ಕರಪತ್ರ ನನ್ನ ಹತ್ತಿರವಿದೆ. ಚೆನ್ನಾಗಿ ಬರೆದಿದ್ದಾರೆ. ದೂರದ ಗುಡಿಸಲಿನಲ್ಲಿ ಗಂಡನೊಬ್ಬ ಕೈ ಎತ್ತಿದರೆ ಹೆಂಡತಿ ಎಲ್ಲಿಗೆ ಓಡಬೇಕು ಎನ್ನುವುದು ಮಾತ್ರ ಅದರಲ್ಲಿಲ್ಲ.

ಊರಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಇಲ್ಲಿನ ಮಣ್ಣಿನ ಮಾಳಿಗೆ ಮನೆಗಳು ಒಂದರ ಗೋಡೆಗೆ ಇನ್ನೊಂದು ಆತುಕೊಂಡಿರುತ್ತವೆ. ಪಕ್ಕದ ಮನೆಯಲ್ಲಿ ಹೊಡೆತದ ಸಪ್ಪಳ ಕೇಳಿದರೆ ಈ ಕಡೆಯ ಹೆಂಗಸು ಒನಕೆ ತೆಗೆದು ನಡುಗೋಡೆಗೆ ಗುದ್ದುತ್ತಾಳೆ. ಅವಳ ಗುದ್ದು ಕೇಳಿ ಆಚೆ ಮನೆಯವಳೂ ಗುದ್ದುತ್ತಾಳೆ. ಓಣಿ ತುಂಬ ಗುದ್ದು. ಯಾರೂ ಒಂದು ಮಾತಾಡುವುದಿಲ್ಲ, ಯಾರೂ ಹೊಸ್ತಿಲು ದಾಟುವುದಿಲ್ಲ. ಆದರೆ ಓಣಿಗೆಲ್ಲ ಗೊತ್ತಾಯಿತು ಎಂಬುದು ಗಂಡಸಿಗೆ ತಿಳಿಯುತ್ತದೆ, ಕೈ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಪೊಲೀಸರು ಮಾಡದ ಕೆಲಸವನ್ನು ಒನಕೆ ಮಾಡಿದೆ. ಹೊಲಕ್ಕೆ ಬಂದಾಗ ಒನಕೆಗಳೂ ಗಾಡಿ ಏರಿ ಬಂದವು. ಗೋಡೆ ಬರಲಿಲ್ಲ.

ದುರಗವ್ವನ ಮನೆ ಬೆಟಗೇರಿಯ ಅಂಚಿನ ಒಡ್ಡರ ಓಣಿಯಲ್ಲಿದೆ. ಗಂಡ ಮೂಕಪ್ಪ ಕಲ್ಲು ಒಡೆಯುವವನು. ಹಿಂದಿನ ಯಾವುದೋ ಪ್ಲೇಗಿನಲ್ಲಿ ಇವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ಅಲ್ಲಿಯವರೆಗೆ ಅವನ ಜೊತೆ ಸಣ್ಣ ಸುತ್ತಿಗೆ ಹಿಡಿದಿದ್ದವಳ ಕೈಗೆ ಅವನ ಸುತ್ತಿಗೆಯೂ ಬಂತು. ಅಂದಿನಿಂದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ಕಾಲ್ನಡಿಗೆಯಲ್ಲೇ ಸುತ್ತುತ್ತಾಳೆ. ಒಂದು ಕಲ್ಲು ಹೊಡೆದರೆ ಒಂದು ಬೊಗಸೆ ಜೋಳ, ಎರಡು ರೊಟ್ಟಿ. ದಿನಕ್ಕೆ ನಾಲ್ಕು ಕಲ್ಲು ಮಾಡಿದರೆ ದೊಡ್ಡದು, ಐದನೆಯದಕ್ಕೆ ರಟ್ಟೆ ಮಾತು ಕೇಳುವುದಿಲ್ಲ. ಗಂಡ ನಿನ್ನನ್ನು ಹೊಡೆಯುತ್ತಿದ್ದನೇ ಎಂದು ಕೇಳಿದೆ. ಉಳಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಒಂದ ಸರ್ತಿ ಹೊಡದಿದ್ದರಿ. ಆಮ್ಯಾಲೆ ನನ್ನ ಕೈಯಾಗೂ ಸುತ್ತಿಗಿ ಐತಿ ಅನ್ನೂದು ಅವಗ ನೆನಪಾತು."

ಸಂಸ್ಥಾನಗಳು ವಿಲೀನವಾದಾಗ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಗಡಿಯ ಸುಂಕದ ಕಟ್ಟೆಗಳೆಲ್ಲ ಎದ್ದುಹೋದವೆಂದು ನಾವು ಪತ್ರಿಕೆಯವರು ಉದ್ದುದ್ದ ಬರೆದಿದ್ದೆವು. ಎಂಟು ತಿಂಗಳಲ್ಲಿ ಊರೂರಿನ ಬಾಯಿಗೆ ಜಾಲಿಮುಳ್ಳಿನ ಬೇಲಿ ಬಿತ್ತು. ಪರ ಊರಿನವರಿಗೆ ಪ್ರವೇಶವಿಲ್ಲ, ಹೆತ್ತ ಮಗಳಾದರೂ ಇಲ್ಲ. ದುರಗವ್ವನನ್ನು ಮಾತ್ರ ಬಿಡುತ್ತಾರೆ. ಅವಳು ಸೂಜಿ ಹಾಕಿಸಿಕೊಂಡಿದ್ದಾಳೆ ಎಂಬುದು ಹೇಳುವ ಕಾರಣ. ಬೇಲಿ ಕಾಯುವವನೂ ರೊಟ್ಟಿ ತಿನ್ನಬೇಕು ಎಂಬುದು ನಿಜವಾದ ಕಾರಣ.

ಹೀಗೆ ಗುಡಿಸಲಿನಿಂದ ಗುಡಿಸಲಿಗೆ ಹೋಗುತ್ತಿದ್ದವಳು ಒಂದು ದಿನ ಮಂಜವ್ವನ ಗುಡಿಸಲಿಗೆ ಬಂದಳು. ಮಂಜವ್ವ ಬಾಳೆಹೊಸೂರ ಕಡೆಯ ಹೇಮಪ್ಪನ ಮಗಳು, ಮದುವೆಯಾಗಿ ಎರಡು ವರ್ಷ. ಗಂಡ ಹುಲಗಪ್ಪ ಗದಗಿನ ಗಿರಣಿಗೆ ಅರಳೆಯ ಗಾಡಿ ಹೊಡೆಯುವವನು. ಪ್ಲೇಗಿನಿಂದ ಗಾಡಿ ನಿಂತವು. ಎತ್ತಿಗೆ ಕೆಲಸವಿಲ್ಲ, ಅವನಿಗೂ ಇಲ್ಲ. ಹಗಲೆಲ್ಲ ಗುಡಿಸಲ ಬಾಗಿಲಲ್ಲಿ ಕೂತು, ಕೂತಲ್ಲಿಂದಲೇ ಹೆಂಡತಿಯ ಕೆಲಸದಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗವಾಯಿತು. ದುರಗವ್ವ ಕಲ್ಲು ಮಗುಚಿ ನೋಡಿದರೆ ಹಿಡಿಯುವ ಮರದ ಗೂಟವೇ ಇಲ್ಲ. ಎಲ್ಲಿ ಎಂದರೆ ಒಲೆಗೆ ಬಿತ್ತು ಎಂದಳು ಹುಡುಗಿ. ಬೀಸುಕಲ್ಲಿನ ಗೂಟವನ್ನು ಯಾವ ಹೆಂಗಸೂ ಒಲೆಗೆ ಹಾಕುವುದಿಲ್ಲ. ಅದು ಎಲ್ಲಿಗೆ ಬಿದ್ದಿತ್ತು ಎನ್ನುವುದು ಅವಳು ಸೆರಗು ಸರಿಸಿಕೊಂಡಾಗ ಬೆನ್ನ ಮೇಲೆ ಕಂಡಿತು.

ದುರಗವ್ವ ಅಂದಿನಿಂದ ಕೆಲಸ ಬಿಟ್ಟು ಬಾಗಿಲು ಬಾಗಿಲು ತಿರುಗಿದಳು. ಮೊದಲು ಊರಿನ ಹಿರಿಯ ಹುಚ್ಚೀರಪ್ಪನವರ ಹತ್ತಿರ. ಈಗ ಬೇನೆಯ ಕಾಲ, ನಾಲ್ಕು ಜನ ಕೂಡುವಂತಿಲ್ಲ, ಪಂಚಾಯಿತಿ ಸೇರಿಸಲಾಗದು ಅಂದರು ಅವರು. ಅದೇ ವಾರ ಗದಗಿನಲ್ಲಿ ಕರ್ನಾಟಕ ಏಕೀಕರಣದ ಸಭೆಯಿತ್ತು. ಹುಚ್ಚೀರಪ್ಪನವರು ಮುಂದಿನ ಸಾಲಿನಲ್ಲಿ ಕೂತು, ಹರಿದು ಹಂಚಿಹೋದ ಕನ್ನಡತಾಯಿಯ ಸಂಕಟ ಕೇಳಿ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅಲ್ಲಿ ಕೂಡಿದ್ದು ನಾಲ್ಕು ಜನವಲ್ಲ. ಅದಕ್ಕೆ ಬೇನೆ ಅಡ್ಡ ಬರಲಿಲ್ಲ. ಏಕೀಕರಣ ನನಗೂ ಬೇಕು, ಬೇಡವೆಂದವರು ಯಾರು? ಆದರೆ ಭಾಷಣದೊಳಗಿನ ತಾಯಿಗೆ ಅಳುವವರಿಗೆ ಪಕ್ಕದ ಹೊಲದ ಹೆಣ್ಣುಮಗಳು ಯಾಕೆ ಕಾಣುವುದಿಲ್ಲ ಎಂದು ನನಗೆ ಸಿಟ್ಟು ಬರುತ್ತದೆ, ಬಂದ ಸಿಟ್ಟು ಇಳಿಯುವುದೂ ಇಲ್ಲ.

ಆಮೇಲೆ ಪ್ಲೇಗಿನ ಇನ್ಸ್‌ಪೆಕ್ಟರ್ ಪುಂಡಲೀಕಪ್ಪನವರ ಹತ್ತಿರ ಹೋದಳು. ಅವರ ಬಳಿ ರೋಗಿಗಳನ್ನು ಒಯ್ಯುವ ಕಮಾನು ಗಾಡಿ ಇದೆ. ಆ ಹುಡುಗಿಯನ್ನು ಗದಗಿಗೆ ಮುಟ್ಟಿಸಿ ಎಂದು ಕೇಳಿದಳು. ಅವರು ಕೆಟ್ಟವರಲ್ಲ, ಹಗಲಿರುಳು ದುಡಿಯುವ ಮನುಷ್ಯ. ಆದರೆ ಅವರ ಉತ್ತರವೂ ಅದೇ. ಗಾಡಿ ಇರುವುದು ಪ್ಲೇಗಿಗೆ, ಪ್ಲೇಗಿನದಷ್ಟೇ ನಮ್ಮ ಕೆಲಸ, ಗಂಡ ಹೆಂಡಿರ ಜಗಳಕ್ಕೆ ಗಾಡಿ ಕಟ್ಟಲು ನನಗೆ ಅಧಿಕಾರವಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆಯನ್ನೂ ಸೇರಿಸಿದರು. ಉಣ್ಣಲು ರೊಟ್ಟಿ ಬಡಿಯುವವಳ ಬೆನ್ನೇ ಬಾತಿರುವಾಗ ಉಣ್ಣುವುದು ಏನನ್ನು, ಮಲಗುವುದು ಹೇಗೆ? ಈ ಗಾದೆ ಕಟ್ಟಿದವನು ಗಂಡಸೇ ಇರಬೇಕು.

ಕೊನೆಗೆ ಶಿರಹಟ್ಟಿ ದಾಟಿ ಮಂಜವ್ವನ ತವರೂರಿಗೂ ನಡೆದಳು. ಬೇಲಿಯ ಆಚೆ ನಿಂತು ಹೇಮಪ್ಪ ಎಲ್ಲ ಕೇಳಿದ. ಕಣ್ಣಲ್ಲಿ ನೀರು ತಂದುಕೊಂಡ. ಪ್ಲೇಗಿನ ಊರಿನಿಂದ ಮಗಳನ್ನು ಕರೆತಂದರೆ ನಮ್ಮೂರವರು ನನ್ನನ್ನೇ ಹೊರಗೆ ಹಾಕುತ್ತಾರೆ, ಬೇನೆ ಹೋಗುವವರೆಗೆ ತಾಳಿಕೋ ಅನ್ನು ಎಂದ. ತಾಳಿಕೋ! ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಔಷಧವೆಲ್ಲ ಇದೊಂದೇ.

ಇಲ್ಲಿಂದ ಮುಂದೆ ದುರಗವ್ವ ಯಾರನ್ನೂ ಕೇಳಲು ಹೋಗಲಿಲ್ಲ. ಬೀಸುಕಲ್ಲಿನ ನಡುವೆ ಒಂದು ಕೀಲು ಇರುತ್ತದೆ. ಅದನ್ನು ತುಸು ಎತ್ತರಿಸಿದರೆ ಮೇಲ್ಗಲ್ಲು ಹಗುರಾಗಿ ತಿರುಗುತ್ತದೆ, ತಗ್ಗಿಸಿದರೆ ಕಲ್ಲಿನ ಮೇಲೆ ಕಲ್ಲು ಬಿಗಿದು ಕೂರುತ್ತದೆ. ಮಂಜವ್ವನ ಕಲ್ಲಿಗೆ ಹೊಸ ಗೂಟ ಹಾಕಿ, ಒರಟಾಗಿ ಹಲ್ಲು ಬರಿಸಿ, ಕೀಲು ತಗ್ಗಿಸಿಬಿಟ್ಟಳು. ಆಮೇಲೆ ಅನ್ನಪೂರ್ಣವ್ವನ ಕಲ್ಲು. ಊರಲ್ಲಿ ಮಂಜವ್ವನ ಗೋಡೆಗೆ ಒನಕೆ ಗುದ್ದುತ್ತಿದ್ದವಳು ಈ ಅನ್ನಪೂರ್ಣವ್ವನೇ. ಈಗ ಅವಳ ಗುಡಿಸಲು ಎರಡು ಹೊಲದಾಚೆ. ಹೀಗೆ ಒಂದೊಂದಾಗಿ ಎಲ್ಲ ಗುಡಿಸಲಿನ ಕಲ್ಲೂ ಬಿಗಿಯಾದವು. ಒಬ್ಬ ಹೆಂಗಸು ಕೂತು ಎಳೆದರೆ ಅಲುಗುವುದಿಲ್ಲ. ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದರೆ ಮಾತ್ರ ತಿರುಗುತ್ತದೆ. ಅಂದರೆ ದಿನಾ ಬೆಳಗಾಗುವ ಮುನ್ನ ಪ್ರತಿಯೊಬ್ಬ ಹೆಂಗಸೂ ಇನ್ನೊಂದು ಗುಡಿಸಲಿನವಳನ್ನು ಕಾಣಲೇಬೇಕು. ಬೆನ್ನು ಬಾತಿದ್ದರೆ ಜೊತೆಯವಳಿಗೆ ತಿಳಿಯುತ್ತದೆ. ಒಬ್ಬಳು ಬರದಿದ್ದರೆ ಇನ್ನೊಬ್ಬಳ ಮನೆಯಲ್ಲೂ ಹಿಟ್ಟಿಲ್ಲ, ಹುಡುಕಿಕೊಂಡು ಹೋಗಲೇಬೇಕು. ಊರಿನಿಂದ ಗಾಡಿ ಏರಿ ಬರದ ಗೋಡೆಯನ್ನು ಈ ಹೆಂಗಸು ಹೊಲದಲ್ಲಿ ಹೀಗೆ ಎಬ್ಬಿಸಿದಳು.

ಇದ್ದಕ್ಕಿದ್ದಂತೆ ಎಲ್ಲ ಕಲ್ಲೂ ಯಾಕೆ ಬಿಗಿಯಾದವು ಎಂದು ಹುಚ್ಚೀರಪ್ಪನವರು ವಿಚಾರಣೆ ಮಾಡಿದರಂತೆ. ಗಾಡಿಯಲ್ಲಿ ಕುಲುಕಾಡಿ ಬಂದಿವೆ, ಹೊಲದ ನೆಲ ಸಮ ಇಲ್ಲ, ಕಲ್ಲು ಜಗ್ಗುತ್ತವೆ ಎಂದಳು ಇವಳು. ಹಿರಿಯರು ಗಂಭೀರವಾಗಿ ತಲೆದೂಗಿ, ಹೌದು, ಎರೆನೆಲದ ಗುಣ ಅದು ಅಂದರು. ಒಬ್ಬ ಗಂಡಸಾದರೂ ಕಲ್ಲು ಎತ್ತಿ ಕೀಲು ನೋಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ನೋಡುವುದೆಂತು? ಬೀಸುಕಲ್ಲಿನ ಮುಂದೆ ಕೂತ ಗಂಡಸಿಗೆ ಇಲ್ಲಿ ಮೀಸೆ ಇಲ್ಲವೆನ್ನುತ್ತಾರೆ. ಹೆಂಗಸರಿಗೆ ಮಾತ್ರ ಮೊದಲ ದಿನವೇ ತಿಳಿದಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ.

ಕೆಲವು ದಿನ ಎಲ್ಲ ಸರಿಯಿತ್ತು. ಒಂದು ಬೆಳಿಗ್ಗೆ ಮಂಜವ್ವ ಕಲ್ಲಿಗೆ ಬರಲಿಲ್ಲ. ಅನ್ನಪೂರ್ಣವ್ವ ಕಾದು, ಬೇಸತ್ತು, ಒನಕೆಯನ್ನೇ ಊರಿಕೊಂಡು ಎರಡು ಹೊಲ ದಾಟಿ ಹೋದಳು. ಹುಲಗಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ರಾತ್ರಿಯಿಂದ ಜ್ವರ, ಬಗಲಲ್ಲಿ ಗಂಟು ಎದ್ದಿದೆ, ಹತ್ತಿರ ಬಂದರೆ ನಿಮಗೂ ಹತ್ತುತ್ತದೆ ಅಂದ. ಗಂಟು ಎಂದ ಕೂಡಲೇ ಯಾರಿಗಾದರೂ ಜೀವ ಹಾರುತ್ತದೆ. ಅನ್ನಪೂರ್ಣವ್ವ ಹಿಂದೆ ಸರಿದಳು. ಅವನು ಮಾಡಿದ ಉಪಾಯ ನೋಡಿ. ಜಾಲಿಮುಳ್ಳು ಬೇಕಾಗಲಿಲ್ಲ, ಪ್ಲೇಗನ್ನೇ ಬೇಲಿ ಮಾಡಿಕೊಂಡ. ಆ ಗುಡಿಸಲಿನೊಳಗೆ ಹುಡುಗಿ ಸತ್ತಿದ್ದರೂ ಯಾರೂ ಕೇಳುತ್ತಿರಲಿಲ್ಲ, ಪ್ಲೇಗಿನ ಲೆಕ್ಕಕ್ಕೆ ಇನ್ನೊಂದು ಹೆಣ ಎಂದು ದೂರದಿಂದಲೇ ಸುಟ್ಟು ಬರುತ್ತಿದ್ದರು.

ಅನ್ನಪೂರ್ಣವ್ವ ಹೇಳಿಕಳಿಸಿದ ಕೂಡಲೇ ದುರಗವ್ವ ಬಂದಳು. ತನ್ನ ಗಂಡನ ಗಂಟನ್ನು ಕೈಯಾರೆ ಒತ್ತಿ ನೋಡಿದವಳಿಗೆ ಗಂಟಿನ ಅಂಜಿಕೆ ಏನು? ಹುಲಗಪ್ಪನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಬಗಲು ಮುಟ್ಟಿದಳು, ತೊಡೆಸಂದು ಮುಟ್ಟಿದಳು. ಗಂಟಿಲ್ಲ, ಜ್ವರವಿಲ್ಲ. ಬಲಗೈ ಮೊಣಕೈಯ ಕೆಳಗೆ ಮುರಿದು ಜೋತುಬಿದ್ದಿತ್ತು. ನೀರು ಕೊಡು ಎನ್ನಲೂ ಹುಡುಗಿ ಗಂಡನ ಮುಖ ನೋಡುತ್ತಿದ್ದಳು.

ಆಗ ದುರಗವ್ವ ಮಾಡಿದ್ದನ್ನು ಬರೆಯುವಾಗಲೂ ನನ್ನ ಎದೆ ಖುಷಿಯಿಂದ ಬೀಗುತ್ತದೆ. ಹೊರಗೆ ಬಂದು ಹುಲಗಪ್ಪನನ್ನು ಬಯ್ಯಲಿಲ್ಲ, ಸುಳ್ಳ ಎನ್ನಲಿಲ್ಲ. ಖರೇನ ಗಂಟು ಎದ್ದಾವ ನೋಡು ಎಂದು ಹೌಹಾರಿದಳು. ನೆಟ್ಟಗೆ ಪುಂಡಲೀಕಪ್ಪನವರ ಹತ್ತಿರ ಓಡಿ, ಮಂಜವ್ವನಿಗೆ ಪ್ಲೇಗು, ಅವಳ ಗಂಡನೇ ಹೇಳಿದ್ದಾನೆ ಅಂದಳು. ಮುರಿದ ಕೈಗೆ ಸಿಗದ ಕಮಾನು ಗಾಡಿ ಇಲ್ಲದ ಗಂಟಿಗೆ ಸಿಕ್ಕಿತು. ಹೊತ್ತು ನೆತ್ತಿಗೇರುವ ಮೊದಲೇ ಬಂತು! ಹುಲಗಪ್ಪ ಅಡ್ಡ ಬರುವ ಹಾಗಿಲ್ಲ. ಗಂಟು ಎದ್ದಿದೆ ಎಂದವನು ಅವನೇ. ಇಲ್ಲ ಎಂದರೆ ಮತ್ತೆ ಒಳಗೆ ಏನಾಗಿದೆ ಎಂದು ಹೇಳಬೇಕು. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹುಡುಗಿ ಗದಗಿನ ಹೊರಗಿನ ತಟ್ಟಿ ಶೆಡ್ಡಿನ ಆಸ್ಪತ್ರೆಗೆ ಹೋದಳು. ರೋಗಿಯ ಜೊತೆಯಲ್ಲಿದ್ದವನೆಂದು ಹುಲಗಪ್ಪನ ಗುಡಿಸಲ ಸುತ್ತ ಸುಣ್ಣದ ಗೆರೆ ಬಿತ್ತು. ಬೇನೆಯ ಗಡುವು ಮುಗಿಯುವ ತನಕ ಗೆರೆ ದಾಟಿದರೆ ಜೇಲು.

ಆಸ್ಪತ್ರೆಯ ಡಾಕ್ಟರು ಗಂಟು ಹುಡುಕಿ ಕೈ ಕಂಡರು. ಕಂಡದ್ದನ್ನು ಕಂಡ ಹಾಗೆ ಬರೆದು, ಹುಡುಗಿಯನ್ನು ರೋಗಿಗಳಿಂದ ದೂರದ ಕೋಣೆಯಲ್ಲಿಟ್ಟು ಪಟ್ಟಿ ಕಟ್ಟಿದರು. ಪುಂಡಲೀಕಪ್ಪನವರಿಗೆ ಸಿಟ್ಟು ಬಂತು. ಸರ್ಕಾರಕ್ಕೆ ಸುಳ್ಳು ವರದಿ ಕೊಟ್ಟಿದ್ದೀಯೆ, ಇದು ಗುನ್ಹೆ ಎಂದು ದುರಗವ್ವನನ್ನು ನಿಲ್ಲಿಸಿ ಕೇಳಿದರು. ಅವಳು ಕೊಟ್ಟ ಉತ್ತರವನ್ನು ಅವರೇ ನನಗೆ ಹೇಳಿದರು, ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿದ್ದರು.

"ಪಿಳೇಗಿಂದಷ್ಟ ನಮ್ಮ ಕೆಲಸ ಅಂತ ನೀವ ಅಂದಿದ್ರಿ, ಸಾಹೇಬ್ರ. ಅದಕ್ಕ ಪಿಳೇಗ ಅಂದೆ. ಕೈ ಮುರದೈತಿ ಅಂದಿದ್ರ ಬರ್ತಿದ್ರೇನು?"

ಗುನ್ಹೆಯ ಮಾತು ಅಲ್ಲಿಗೇ ನಿಂತಿತು. ಒಮ್ಮೆ ಹಾಕಿದ ಸುಣ್ಣದ ಗೆರೆಯನ್ನು ಗಡುವಿಗೆ ಮುಂಚೆ ಅಳಿಸಲು ಮಾತ್ರ ಅವರಿಗೆ ಅಧಿಕಾರವಿರಲಿಲ್ಲ.

ಇತ್ತ ಸುಣ್ಣದ ಗೆರೆಯೊಳಗೆ ಹುಲಗಪ್ಪ ಒಬ್ಬನೇ. ಮೊದಮೊದಲು ಅನ್ನಪೂರ್ಣವ್ವ ಹೊಲದ ಒಡ್ಡಿನ ಮೇಲೆ ರೊಟ್ಟಿಯ ಬುಟ್ಟಿ ಇಟ್ಟು ಬರುತ್ತಿದ್ದಳು. ಕೈ ಮುರಿದ ಸುದ್ದಿ ಬಂದ ದಿನ ಬುಟ್ಟಿ ನಿಂತಿತು. ಜೋಳ ಐತಿ, ಕಲ್ಲ ಐತಿ, ಬೀಸಿಕೊಳ್ಳಲಿ ಅಂದಳು. ಅವನು ಒಂದು ದಿನ ಅತ್ತಿತ್ತ ನೋಡಿ ಕಲ್ಲಿನ ಮುಂದೆ ಕೂತೇ ಬಿಟ್ಟ. ಎಳೆದ. ಎರಡು ಕೈಯಿಂದ ಎಳೆದ. ಎತ್ತು ಹೂಡುವ ರಟ್ಟೆಗೆ ಕಲ್ಲೇನೋ ಅಲುಗಿತು, ಆದರೆ ಒಂದು ಕೈ ಕಾಳು ಹಾಕಬೇಕಲ್ಲ! ಕಾಳು ಹಾಕಲು ಕೈ ತೆಗೆದರೆ ಕಲ್ಲು ನಿಲ್ಲುತ್ತದೆ. ದೂರದ ಹೊಲಗಳಿಂದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೋಡಿದರಂತೆ. ಕೊನೆಗೆ ಹಾದಿಯಲ್ಲಿ ಹೋಗುತ್ತಿದ್ದ ದುರಗವ್ವನನ್ನು ಕೂಗಿ, ಕಲ್ಲು ಸಡಿಲ ಮಾಡಿಕೊಡು, ಒಂದು ಚೀಲ ಜೋಳ ಕೊಡುತ್ತೇನೆ ಅಂದ.

"ಅದು ಇಬ್ಬರ ಕಲ್ಲಪಾ. ಒಬ್ಬನ ಕೈಗೆ ತಿರಗಂಗಿಲ್ಲ" ಎಂದು ಒಡ್ಡಿನ ಮೇಲಿಂದಲೇ ಹೇಳಿ ನಡೆದಳು. ಅವನು ಜೋಳ ಕುದಿಸಿ ಗುಗ್ಗರಿ ತಿಂದು ದಿನ ನೂಕಿದ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಓದುಗರು ಪುರವಣಿ ಮಡಚಿಡಬೇಡಿ. ಗೆರೆ ಅಳಿಸಿದ ಮರುದಿನವೇ ಹುಚ್ಚೀರಪ್ಪನವರ ಗುಡಿಸಲ ಮುಂದೆ ನಾಲ್ಕು ಜನ ಕೂಡಿದರು. ಈಗ ಕೂಡಲು ಬೇನೆ ಅಡ್ಡಿಯಿಲ್ಲ. ಊರು ಹೊಕ್ಕ ಮೇಲೆ ಹುಡುಗಿಯನ್ನು ಕರೆಸಿ, ಗಂಡನಿಗೆ ಬುದ್ಧಿ ಹೇಳಿ, ಕೂಡಿಸಿಬಿಡೋಣ ಎಂದು ತೀರ್ಮಾನವಾಯಿತು. ಹುಡುಗಿಯನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೇಮಪ್ಪನಿಗೂ ಹೇಳಿಕಳಿಸಿದರು. ಅವನು ಹೂಂ ಅನ್ನುವವನೇ ಇದ್ದ. ಅಷ್ಟರಲ್ಲಿ ಆಸ್ಪತ್ರೆಗೆ ಮಗಳನ್ನು ನೋಡಲು ಬಂದ. ಪ್ಲೇಗಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಇದ್ದರೆ ಅವಳನ್ನು ಈಗ ಯಾವ ಊರಿನ ಬೇಲಿಯೂ ತಡೆಯುವುದಿಲ್ಲ. ಹೊಡೆತ ತಿಂದ ಮಗಳಿಗೆ ತೆರೆಯದ ತವರು ಪ್ಲೇಗಿನ ಆಸ್ಪತ್ರೆ ಹೊಕ್ಕು ಬಂದವಳಿಗೆ ತೆರೆಯಿತು. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ನನಗಂತೂ ತಿಳಿಯದು.

ಆ ದಿನ ದುರಗವ್ವನ ಜೊತೆ ನಾನೂ ಅಲ್ಲಿದ್ದೆ. ಹೇಮಪ್ಪ ಮಗಳ ಪಟ್ಟಿ ಕಟ್ಟಿದ ಕೈ ನೋಡುತ್ತ ನೆಲದ ಮೇಲೆ ಕುಸಿದು ಕೂತಿದ್ದ. ಹಿರಿಯರು ಹೇಳಿದ್ದಾರೆ, ಏನು ಮಾಡಲಿ ಎಂದು ದುರಗವ್ವನನ್ನೇ ಕೇಳಿದ. ಆಗ ಮಂಜವ್ವ ತಾನಾಗಿಯೇ ಬಾಯಿ ತೆರೆದಳು.

"ನಾ ಹೋಗಂಗಿಲ್ಲಪ್ಪಾ. ಕಳಿಸೂದಿದ್ರ ನನ್ನ ಇಲ್ಲೇ ಬಿಟ್ಟು ಹೋಗು."

ದುರಗವ್ವ ಸುತ್ತಿಗೆಯ ಚೀಲ ಹೆಗಲಿಗೇರಿಸಿಕೊಂಡು ಹೇಮಪ್ಪನ ಮುಂದೆ ನಿಂತಳು. ಈ ಹುಡುಗಿಯನ್ನು ಮರಳಿ ಕಳಿಸಿದರೆ ನಿಮ್ಮೂರಲ್ಲಿ ಇನ್ನು ಒಂದು ಕಲ್ಲೂ ಹೊಡೆಯುವುದಿಲ್ಲ, ನಮ್ಮ ಓಣಿಯವರು ಯಾರೂ ಹೊಡೆಯುವುದಿಲ್ಲ, ಯಾಕೆ ಎಂದು ನಿಮ್ಮೂರ ಹೆಂಗಸರಿಗೆ ನಾನೇ ಹೇಳಿ ಬರುತ್ತೇನೆ ಅಂದಳು. ದನಿ ಏರಿಸಲಿಲ್ಲ. ಹೇಮಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ಕಳಿಸುವುದಿಲ್ಲ ಎಂದ. ಆ ಮಾತಿಗೆ ನಾನೂ ಸಾಕ್ಷಿ. ಅದನ್ನು ಅಚ್ಚು ಹಾಕುತ್ತಿರುವುದೂ ಅದಕ್ಕೇ.

ಇವತ್ತು ಈ ಗುಡಿಸಲ ಮುಂದೆ ಕೂತು ಕೊನೆಯ ಪ್ರಶ್ನೆ ಕೇಳುತ್ತೇನೆ. ಕೀಲಿನ ಗುಟ್ಟು ಬರೆದರೆ ಗಂಡಸರಿಗೆಲ್ಲ ತಿಳಿಯುತ್ತದಲ್ಲ, ಬರೆಯಲೋ ಬೇಡವೋ?

"ಬರೀರಿ ಅಣ್ಣಾರ. ಓದಿದ ಗಂಡಸು ಬಂದು ಕಲ್ಲ ಎತ್ತಿ ನೋಡ್ಲಿ. ಹಂಗಾರ ಒಂದ ಸರ್ತಿ ಕಲ್ಲಿನ ಮುಂದ ಕುಂತಂಗಾತು."

ಊರಲ್ಲಿ ಇಲಿ ಬೀಳುವುದು ನಿಂತಿದೆ, ಯುಗಾದಿಗೆ ಜನ ಮನೆಗೆ ಮರಳುತ್ತಾರೆ. ಆಗ ಕಲ್ಲುಗಳನ್ನೆಲ್ಲ ಮೊದಲಿನ ಹಾಗೆ ಮಾಡಬೇಕೆಂದು ಹಿರಿಯರ ಅಪ್ಪಣೆಯಾಗಿದೆಯಂತೆ. ಹೆಂಗಸರು ಬೇಡ ಅಂದಿದ್ದಾರೆ. ದುರಗವ್ವ ಹೆಂಗಸರ ಮಾತು ಕೇಳುತ್ತಾಳೆ. ಬಿಸಿಲೇರುತ್ತಿದೆ. ಅವಳು ಮೇಲ್ಗಲ್ಲು ಮಗುಚಿ ಕೀಲಿನ ಮೇಲೆ ಕೂರಿಸಿ, ಒಂದೇ ಕೈಯಿಂದ ಎಳೆದು ನೋಡುತ್ತಾಳೆ. ಅಲುಗುವುದಿಲ್ಲ. ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಉಳಿ, ಸುತ್ತಿಗೆ ಚೀಲಕ್ಕೆ ಹಾಕುತ್ತಾಳೆ. ಮುಂದಿನ ವಾರ ಬಾಳೆಹೊಸೂರ ಕಡೆ ಹೋಗುವುದಿದೆ, ಮಂಜವ್ವನ ಕೈಯ ಪಟ್ಟಿ ಬಿಚ್ಚುವ ಹೊತ್ತಿಗೆ ಅಲ್ಲಿರಬೇಕು ಅನ್ನುತ್ತಾಳೆ. ನಿನಗೇನು ಬೇಕು ದುರಗವ್ವಾ ಎಂದರೆ, ಎದ್ದು ಸೀರೆಯ ಕಲ್ಲುಪುಡಿ ಕೊಡವಿಕೊಳ್ಳುತ್ತಾಳೆ.

"ನನಗೇನ ಬೇಕ್ರಿ? ಆ ಹುಡುಗಿ ತವರಮನ್ಯಾಗ ಕುಂತು ಬೀಸೂದು ಒಂದ ಸರ್ತಿ ನೋಡಬೇಕು. ಆ ಕಲ್ಲ ಮಾತ್ರ ಹಗರ ಮಾಡಿ ಕೊಡತೀನಿ. ಮುರದಿದ್ದ ಆ ಕೈಲೇ ಅದು ತಿರಗಬೇಕು."